ಕರಿ ಎರೆದಾಗ ತೀರಿದ ಸೇಡು

ಸಂಕ್ರಾಂತಿಗೆ ಸಿಂದಗಿಯ ನಮ್ಮ ಮನೆಯಲ್ಲಿ ಸಣ್ಣ ಕೂಸುಗಳಿಗೆ ಕರಿ ಎರೆಯುತ್ತಿದ್ದರು. ಕೂಸನ್ನು ಮಣೆಯ ಮೇಲೆ ಕೂರಿಸಿ ಬಾರಿಹಣ್ಣು ಅಂದರೆ ಬೋರೆಹಣ್ಣು, ಕಬ್ಬಿನ ತುಂಡು, ಚುರುಮುರಿಗಳನ್ನು ತಲೆಯ ಮೇಲಿಂದ ಸುರಿದರೆ, ಸುತ್ತ ನಿಂತ ಮಕ್ಕಳು ಮುಗಿಬಿದ್ದು ಆಯ್ದುಕೊಳ್ಳಬೇಕು. ಎಪ್ಪತ್ತರ ದಶಕದ ಒಂದು ವರ್ಷ ಚಿಕ್ಕಪ್ಪನ ಮಗಳು ನನ್ನ ಕೈ ತುಳಿದು ಎಲ್ಲವನ್ನೂ ಬಾಚಿಕೊಂಡಳು. ನನಗೆ ಸಿಕ್ಕಿದ್ದು ಒಂದೇ ಒಂದು ಹುಳುಕು ಹಣ್ಣು. ವರ್ಷವಿಡೀ ನನ್ನನ್ನು ‘ಹುಳಕಪ್ಪ’ ಎಂದು ಕರೆದಳು.

ಮರುವರ್ಷ ಸೇಡಿಗೆ ಸಿದ್ಧನಾದೆ. ಅಕ್ಕನ ಕೂಸು ಅಂಜುತ್ತದೆಂದು ನೆಪ ಹೇಳಿ, ಮಡಿಲಲ್ಲಿ ಟವೆಲು ಹಾಸಿ ಅದನ್ನು ಕೂರಿಸಿಕೊಂಡೆ. ಇಂಡಿ ಊರಿಂದ ಬಂದಿದ್ದ ಅತ್ತೆ ಸೇರುಗಟ್ಟಲೆ ಸುರಿದಳು. ನನ್ನ ಮಡಿಲಲ್ಲಿ ಗುಡ್ಡವೇ ಬೆಳೆಯಿತು. ಚಿಕ್ಕಪ್ಪನ ಮಗಳಿಗೆ ಒಂದು ಕಾಳೂ ಸಿಗಲಿಲ್ಲ. ಅಷ್ಟರಲ್ಲಿ ಗಾಬರಿಯಾದ ಕೂಸು ಎಲ್ಲದರ ಮೇಲೂ ಬೆಚ್ಚಗೆ ಉಚ್ಚೆ ಹೊಯ್ದಿತು.

“ತಿನ್ನಪಾ ಅಣ್ಣಾ, ಎಲ್ಲಾ ನಿಂದ ಐತಿ!” ಎಂದು ಅವಳು ಕುಣಿದಾಡಿದಳು.

ನಾನು ಸೋಲುವುದೇ? ಅವಳನ್ನೇ ದಿಟ್ಟಿಸುತ್ತ ತೊಯ್ದ ಹಣ್ಣೊಂದನ್ನು ಬಾಯಿಗೆ ಹಾಕಿಕೊಂಡು ಚಪ್ಪರಿಸಿದೆ. “ಉಪ್ಪು ಹಚ್ಚಿದಂಗ ಐತಿ, ಭಾರಿ ರುಚಿ!”

“ಯವ್ವಾ, ಇಂವಾ ತಿಂದಬಿಟ್ಟಾ!” ಎಂದವಳೇ ಹಿತ್ತಲಿಗೆ ಓಡಿ, ತಿಂದಿದ್ದ ಶೇಂಗಾ ಹೋಳಿಗೆಯನ್ನೆಲ್ಲ ಕಾರಿಕೊಂಡಳು.

ಆ ಸದ್ದು ಕೇಳುತ್ತ ನಾನು ಇನ್ನೊಂದು ಹಣ್ಣು ತಿಂದೆ.