ಹೊಳಿಯಮ್ಮ ಕಿತ್ತು ಹಾಕಿದ ಹೂವು

ಅತ್ತೆಯನ್ನು ಮಣ್ಣು ಮಾಡಿ ನಾಲ್ಕು ದಿನವಾಗಿದೆ. ಬೆಳಗಿನ ಐದಕ್ಕೆ ಹೊಳಿಯಮ್ಮ ಎದ್ದು ಒಲೆ ಹಚ್ಚುತ್ತಾರೆ, ರೊಟ್ಟಿ ಬಡಿಯುತ್ತಾರೆ, ಬುತ್ತಿ ಕಟ್ಟುತ್ತಾರೆ. ಹೆಚ್ಚಿನ ನೆಂಟರು ಇನ್ನೂ ಪಡಸಾಲೆಯಲ್ಲಿ ಮಲಗಿದ್ದಾರೆ. ಹಲಗೆಯ ಮೇಲಿದ್ದ ಹೂವಿನ ಪುಡಿಯ ಎರಡು ಸ್ಟೀಲ್ ಡಬ್ಬಿಗಳನ್ನು ಕೈಚೀಲಕ್ಕೆ ಹಾಕಿಕೊಂಡು, ಅತ್ತೆ ಕೂರುತ್ತಿದ್ದ ಮೂಲೆಯ ಕಡೆ ತಿರುಗಿ ‘ಹೋಗಿ ಬರ್ತೀನಿ’ ಎನ್ನಲು ಬಾಯಿ ತೆರೆಯುತ್ತಾರೆ. ಮುಚ್ಚಿಕೊಂಡು ಹೊರಡುತ್ತಾರೆ.

ಕುಷ್ಟಗಿ ತಾಲ್ಲೂಕಿನ ಈ ಊರಿನ ಹೊರಗೆ ಬಿಳಿ ಬಲೆಯ ನೆಟ್ ಹೌಸ್‌ಗಳು ಸಾಲಾಗಿ ನಿಂತಿವೆ. ಒಳಗೆ ಎದೆಯೆತ್ತರದ ಟೊಮೆಟೊ ಗಿಡ. ಮಾರುಕಟ್ಟೆಗೆ ಹೋಗುವ ಬೆಳೆಯಲ್ಲ, ಬೀಜದ ಕಂಪನಿಗಾಗಿ ಬೆಳೆಯುವುದು. ರೈತ ಕಾಶಿನಾಥರ ನೆಟ್ಟಿನ ಬಾಗಿಲಲ್ಲಿ ಹನ್ನೊಂದು ಹೆಣ್ಣುಮಕ್ಕಳು ಕಾಯುತ್ತಿದ್ದಾರೆ. ಯಾರೂ ಸಮಾಧಾನ ಹೇಳುವುದಿಲ್ಲ; ಹೇಳಬೇಕಾದ್ದನ್ನು ಮಣ್ಣಿನ ದಿನವೇ ಹೇಳಿ ಮುಗಿಸಿದ್ದಾರೆ. ಜೊತೆಗಾತಿ ರೇಣುಕಮ್ಮ ಮಾತ್ರ ಮುಖ ನೋಡಿ, “ಬಂದೇನ ಬೇ? ನೀ ಇಲ್ದಾಗ ಬೈಯಾವ್ರ ಇದ್ದಿಲ್ಲ. ನಾವೆಲ್ಲಾ ಮೈ ಕೈ ತುಂಬಿಕೊಂಡೀವಿ ನೋಡು” ಎನ್ನುತ್ತಾಳೆ. ಹೊಳಿಯಮ್ಮನಿಗೆ ನಗು ಬರುತ್ತದೆ. ನಾಲ್ಕು ದಿನದಲ್ಲಿ ಇದೇ ಮೊದಲು.

ಇವರ ಕೆಲಸಕ್ಕೆ ಇಲ್ಲಿ ಎಲ್ಲರೂ ‘ಕ್ರಾಸಿಂಗ್’ ಎನ್ನುತ್ತಾರೆ. ಮಧ್ಯಾಹ್ನ ಹೆಣ್ಣು ಗಿಡದ ಮೊಗ್ಗು ಬಿಡಿಸಿ, ಒಳಗಿನ ಗಂಡು ಭಾಗವನ್ನು ಚಿಮಟದಿಂದ ತೆಗೆಯುತ್ತಾರೆ. ಮರುದಿನ ಬೆಳಿಗ್ಗೆ ಅದೇ ಹೂವಿಗೆ ಬೇರೆ ತಳಿಯ ಗಂಡು ಹೂವಿನ ಪುಡಿ ಮುಟ್ಟಿಸುತ್ತಾರೆ. ಪುಡಿ ಇರುವುದು ಬೆರಳಿಗೆ ಹಾಕಿಕೊಂಡ ಉಂಗುರದ ಪುಟ್ಟ ಬಟ್ಟಲಲ್ಲಿ. ಗುಂಪಿನ ಮುಂದಾಳು ಹೊಳಿಯಮ್ಮ ತಮ್ಮ ಡಬ್ಬಿಯಿಂದ ಎಲ್ಲರ ಬಟ್ಟಲಿಗೂ ತುಂಬಿಕೊಡುತ್ತಾರೆ. ಮುಟ್ಟಿಸಿದ ಕೂಡಲೇ ಹೂವಿನ ಬುಡದ ಹಸಿರು ಎಸಳುಗಳಲ್ಲಿ ಎರಡನ್ನು ಕತ್ತರಿಸುತ್ತಾರೆ. ಹಣ್ಣಾದ ಮೇಲೂ ಆ ಗುರುತು ಉಳಿಯುತ್ತದೆ. ಗುರುತಿಲ್ಲದ ಹಣ್ಣು ಬೀಜಕ್ಕೆ ಹೋಗುವಂತಿಲ್ಲ. ರೈತ, ಕಂಪನಿ, ಎಲ್ಲೋ ದೂರದಲ್ಲಿ ಪಾಕೀಟು ಕೊಳ್ಳುವವನು, ಎಲ್ಲರೂ ನಂಬಿರುವುದು ಆ ಎರಡು ಕತ್ತರಿಯ ಗುರುತನ್ನು.

ಹೊಳಿಯಮ್ಮನಿಗೆ ನಲವತ್ತಾರು. ತವರು ಕುಕನೂರಿನ ಕಡೆ. ಗಂಡ ಮುದಿಯಪ್ಪ ಕುರಿ ಕಾಯುತ್ತಾರೆ. ಕ್ರಾಸಿಂಗ್ ಕಲಿಸಿದ್ದು ಅತ್ತೆ ಮಾರೆಮ್ಮ. ಬೀಜದ ಕೆಲಸ ಈ ಊರಿಗೆ ಬಂದಾಗ ಮೊದಲು ಕಲಿತವರಲ್ಲಿ ಅವರೂ ಒಬ್ಬರು. ಹೊಸ ಸೊಸೆಯ ಕೈಗೆ ನೇರ ಟೊಮೆಟೊ ಮೊಗ್ಗು ಕೊಡಲಿಲ್ಲ. ಹಿತ್ತಲಿನ ಬದನೆ ಹೂವಿನ ಮೇಲೆ ಎರಡು ತಿಂಗಳು ಕೈ ಪಳಗಿಸಿದರು. “ಆ ವರ್ಷ ನಮ್ಮ ಮನ್ಯಾಗ ಬದನಿಕಾಯಿ ಪಲ್ಲೆನ ಇಲ್ರಿ. ಎಲ್ಲಾ ಹೂವು ನಾನ ಹಾಳ ಮಾಡಿದ್ನಿ. ನಮ್ಮ ಮಾವ ದಿನಾ ತಾಟಿನ ಮುಂದ ಕುಂತು ಬೈತಿದ್ರು” ಎಂದು ಹೊಳಿಯಮ್ಮ ನಗುತ್ತಾರೆ.

ಈಗ ಅವರ ಕೈ ಒಂದು ಮುಂಜಾನೆಗೆ ಮುನ್ನೂರೈವತ್ತು ಹೂ ಮುಟ್ಟುತ್ತದೆ. ಹಂಗಾಮು ನಲವತ್ತೈದು ದಿನ. ಬಲೆಯೊಳಗೆ ಗಾಳಿ ಆಡುವುದಿಲ್ಲ. ಕತ್ತು ಬಗ್ಗಿಸಿ ಬಗ್ಗಿಸಿ ಸಂಜೆಗೆ ತಲೆ ಎತ್ತಲಾಗುವುದಿಲ್ಲ. ಟೊಮೆಟೊ ಎಲೆಯ ಜಿಗುಟಿಗೆ ಬೆರಳು ಕಪ್ಪಾಗುತ್ತವೆ. ಎಷ್ಟು ತೊಳೆದರೂ ರೊಟ್ಟಿ ಕಹಿ ಎಂದು ಮುದಿಯಪ್ಪ ದೂರುತ್ತಾರೆ. ಕಹಿ ಅನಿಸಿದರೆ ತಾವೇ ಬಡಿದುಕೊಳ್ಳಲಿ ಎಂದು ಹೊಳಿಯಮ್ಮ ಇಪ್ಪತ್ತು ವರ್ಷದಿಂದ ಹೇಳುತ್ತಿದ್ದಾರೆ. ಮುದಿಯಪ್ಪ ಇನ್ನೂ ಕಲಿತಿಲ್ಲ.

ಕೆಲಸಕ್ಕೆ ಮರಳಿದ ಆ ಮೊದಲ ಮುಂಜಾನೆ, ಎಂಟು ಗಂಟೆಗೆ, ಹೊಳಿಯಮ್ಮನ ಪುಡಿಯ ಡಬ್ಬಿ ಖಾಲಿಯಾಗುತ್ತದೆ.

ಹಾಗಾಗುವಂತಿಲ್ಲ. ಕಾಶಿನಾಥರ ಹೊಲದ ಪುಡಿ ಹತ್ತರವರೆಗೆ ಬರಬೇಕು. ಅವರು ಚೀಲದಿಂದ ಇನ್ನೊಂದು ಡಬ್ಬಿ ತೆಗೆದು ಮುಚ್ಚಳ ಬಿಚ್ಚುತ್ತಾರೆ. ಅದು ಕಂಠದವರೆಗೆ ತುಂಬಿದೆ. ಕಾಶಿನಾಥರದ್ದು ಅದು. ಈವರೆಗೆ ಹನ್ನೆರಡು ಜನ ಮುಟ್ಟಿಸಿದ್ದು, ಇದೇ ಗುಂಪು ಹತ್ತರ ಮೇಲೆ ಹೋಗುವ ಇನ್ನೊಬ್ಬ ರೈತ ಮಕ್ಬುಲಸಾಬರ ಹೊಲದ್ದು. ಅದೂ ಟೊಮೆಟೊ, ಆದರೆ ಬೇರೆ ತಳಿ, ಅರ್ಧ ಎಕರೆ, ಪುಡಿಯೂ ಕಡಿಮೆ.

ಎರಡು ಡಬ್ಬಿಗಳೂ ಒಂದೇ ಅಂಗಡಿಯವು, ಒಂದೇ ಅಳತೆಯವು. ಓದಲು ಬಾರದ ಮಾರೆಮ್ಮ ಕಾಶಿನಾಥರದ್ದಕ್ಕೆ ಕೆಂಪು ದಾರ, ಮಕ್ಬುಲಸಾಬರದ್ದಕ್ಕೆ ಕರಿ ದಾರ ಕಟ್ಟಿದ್ದರು. ಮೂರನೆಯ ದಿನ ಸೂತಕ ಕಳೆಯಲು ಮನೆ ತೊಳೆದ ನೆಂಟರು ಪಾತ್ರೆ ಪರಡಿಯನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಾರೆ. ಸತ್ತವರು ಕಟ್ಟಿದ ದಾರ ಮನೆಯಲ್ಲಿ ಇರಬಾರದೆಂದು ಎರಡನ್ನೂ ಹರಿದು ಬಿಸಾಡಿದ್ದಾರೆ. ನಸುಕಿನಲ್ಲಿ ಪುಡಿ ಸೋಸಿ ತುಂಬಿದ ಹೊಳಿಯಮ್ಮ, ಎಡಗಡೆಯದು ಕಾಶಿನಾಥರದ್ದು ಎಂದು ಮನಸ್ಸಿನಲ್ಲೇ ಗುರುತಿಟ್ಟುಕೊಂಡಿದ್ದರು. ರೊಟ್ಟಿ ಬಡಿಯುವಷ್ಟರಲ್ಲಿ ಹಿರಿಯ ನಾದಿನಿ ಹಲಗೆ ಒರೆಸಿ ಡಬ್ಬಿಗಳನ್ನು ತಿರುಗಾಮುರುಗಾ ಇಟ್ಟಿದ್ದಾಳೆ. ಡಬ್ಬಿ ಹಗುರ ಎಂದು ಕೈಗೆ ತಿಳಿದಿತ್ತು. ಮನಸ್ಸಿಗೆ ತಿಳಿದಿರಲಿಲ್ಲ.

ಅವರು ಸಾಲಿನ ತುದಿಗೆ ಬಂದು ಎಲ್ಲರಿಗೂ ಕೈ ನಿಲ್ಲಿಸಲು ಹೇಳುತ್ತಾರೆ. ಆಮೇಲೆ ಬದುವಿನ ಮೇಲಿದ್ದ ಕಾಶಿನಾಥರಿಗೆ ನಡೆದದ್ದನ್ನು ಹೇಳುತ್ತಾರೆ. ಕಾಶಿನಾಥ ಕೆಟ್ಟವರಲ್ಲ. ಆದರೆ ಬೆರಕೆ ಆಗಿದೆ ಎಂದು ಗೊತ್ತಾದರೆ ಕಂಪನಿ ಇಡೀ ಪ್ಲಾಟನ್ನೇ ಪಟ್ಟಿಯಿಂದ ತೆಗೆಯುತ್ತದೆ. ಗುಂಪಿಗೂ ಮುಂದೆ ಕೆಲಸ ಕೊಡುವುದಿಲ್ಲ. ಅದು ಇಬ್ಬರಿಗೂ ಗೊತ್ತು. ಕಾಶಿನಾಥ ದನಿ ತಗ್ಗಿಸುತ್ತಾರೆ.

“ಎರಡ ತಾಸಿನ ಹೂವಿಗೆ ಊರ ಯಾಕ ಕೂಡಸ್ತಿ? ಲಕ್ಷ ಕಾಯಿ ಅದಾವು. ಯಾಂವ ಹುಡುಕ್ಯಾನು?”

“ಹುಡುಕಂಗಿಲ್ರಿ ಅಣ್ಣಾರ. ಆದ್ರ ಬಿತ್ತಿದಾಂವ್ಗ ಗೊತ್ತಾಗತೈತಿ. ಆವಾಗ ಅಂವ ಯಾರನ್ನ ಕೇಳಬೇಕ್ರಿ? ನಿಮ್ಮ ಹೆಸರು ಗೊತ್ತಿಲ್ಲ, ನನ್ನ ಹೆಸರು ಗೊತ್ತಿಲ್ಲ.”

ಕಾಶಿನಾಥ ಸಿಟ್ಟಾಗಿ ಎದ್ದು ಹೋಗುತ್ತಾರೆ. ಹೊಳಿಯಮ್ಮ ಕಂಪನಿಯ ಮೇಲ್ವಿಚಾರಕ ವಿರುಪಾಕ್ಷಿಗೆ ತಾವೇ ಫೋನ್ ಹಚ್ಚುತ್ತಾರೆ.

ಅವನು ಕುಷ್ಟಗಿಯಿಂದ ಬರುವಷ್ಟರಲ್ಲಿ ಹೆಣ್ಣುಮಕ್ಕಳು ಮೊದಲ ಸಾಲಿನಿಂದ ಮತ್ತೆ ಶುರು ಮಾಡಿದ್ದಾರೆ. ಹಿಂದಿನ ದಿನಗಳಲ್ಲಿ ಕತ್ತರಿಸಿದ ಎಸಳಿನ ಅಂಚು ಒಣಗಿ ಕಂದಾಗಿರುತ್ತದೆ. ಇಂದಿನದು ಹಸಿ, ಹಸಿರು. ಹಸಿ ಅಂಚಿನ ಒಂದೊಂದು ಹೂವನ್ನೂ ಹುಡುಕಿ ಕಿತ್ತು ಉಡಿಗೆ ಹಾಕಿಕೊಳ್ಳುತ್ತಾರೆ. ಹತ್ತರ ಹೊತ್ತಿಗೆ ಕಾಶಿನಾಥ ಒಳಗೆ ಬಂದು ಏಳನೆಯ ಸಾಲಿಗೆ ಕೈ ಹಚ್ಚುತ್ತಾರೆ. ಮೇಲಿನವರಿಗೆ ತಿಳಿಸಿ ಉತ್ತರಕ್ಕೆ ಕಾದ ವಿರುಪಾಕ್ಷಿಗೆ ಮಧ್ಯಾಹ್ನ ಎರಡಕ್ಕೆ ಹೆಣ್ಣುಮಕ್ಕಳು ಉಡಿ ತೋರಿಸುತ್ತಾರೆ. 1,741 ಹೂವು. ಅವನು ಪ್ರತಿ ಸಾಲು ಹೊಕ್ಕು ನೋಡುತ್ತಾನೆ. ರೇಣುಕಮ್ಮನ ಸಾಲಿನಲ್ಲಿ ಎರಡು ಸಿಗುತ್ತವೆ. ತುರುಬಿಗೆ ಮುಡಿಯಲು ಉಳಿಸಿಕೊಂಡಿದ್ದಳು ಎಂದು ಉಳಿದವರೆಲ್ಲ ಅವಳನ್ನು ಸಂಜೆಯವರೆಗೂ ಕಾಡುತ್ತಾರೆ.

ಉತ್ತರ ಬಂದದ್ದು ಸಂಜೆ: ಪ್ಲಾಟು ಸದ್ಯಕ್ಕೆ ಉಳಿಯಲಿ, ಬೀಜದ ಪರೀಕ್ಷೆ ಆದ ಮೇಲೆ ನೋಡೋಣ.

ಮಕ್ಬುಲಸಾಬರ ಮನೆಗೂ ಹೊಳಿಯಮ್ಮ ತಾವೇ ಹೋಗಿ ಹೇಳಿದರು. ಪುಡಿ ಇಲ್ಲದೆ ಅವರ ನೆಟ್ಟಿನ ಒಂದು ದಿನದ ಹೂವು ವ್ಯರ್ಥವಾಗಿತ್ತು. ಮಕ್ಬುಲಸಾಬರು ಹೋಗಲಿ ಬಿಡು ಎಂದರು. ಅವರ ಹೆಂಡತಿ ಶಹನಾಜಬೇಗಂ ಹಾಗಲ್ಲ. ಒಂದು ವಾರ ಬಾವಿಯ ದಾರಿಯಲ್ಲಿ ಎದುರಾದರೂ ಮುಖ ತಿರುಗಿಸಿದರು.

ಬೀಜವನ್ನು ಬಿತ್ತಿ, ಬೆಳೆಸಿ, ಗಿಡ ಗಿಡ ನೋಡುವ ಪರೀಕ್ಷೆಗೆ ತಿಂಗಳುಗಳೇ ಬೇಕು. ಆ ತಿಂಗಳುಗಳಲ್ಲಿ ಹನ್ನೆರಡು ಮನೆಯ ಮುಂದಿನ ವರ್ಷದ ಕೆಲಸ ತೂಗುತ್ತಿತ್ತು. ಕಳೆದ ತಿಂಗಳು ಫಲಿತಾಂಶ ಬಂದಿದೆ. ಎರಡೂ ಪ್ಲಾಟು ಪಾಸು. ಗುಂಪಿಗೆ ಈ ಸಲ ಎರಡಲ್ಲ, ಮೂರು ನೆಟ್ಟು. ವಿರುಪಾಕ್ಷಿ ಮೇಲಿನವರ ಹತ್ತಿರ ಜಗಳವಾಡಿ ಒಂದು ನಿಯಮವನ್ನೂ ಬದಲಿಸಿದ್ದಾನೆ: ತಪ್ಪಾದ ದಿನವೇ ಮುಂದೆ ಬಂದು ಹೇಳಿದವರ ಪ್ಲಾಟು ತೆಗೆಯುವಂತಿಲ್ಲ. ಪ್ರತಿ ಹೊಲಕ್ಕೂ ಬೇರೆ ಬಣ್ಣದ ಡಬ್ಬಿ ಬಂದಿದೆ.

ಅದೇ ಕಂಪನಿ ಎರಡು ವರ್ಷದ ಹಿಂದೆ ಶಾಲೆಗೆ ಬಣ್ಣ ಹೊಡೆಸಿ, ‘ಸಾಮಾಜಿಕ ಹೊಣೆಗಾರಿಕೆ’ ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆಸಿತ್ತು. ಆ ಮಾತಿನ ಅರ್ಥವನ್ನು ಹೊಳಿಯಮ್ಮ ವಿರುಪಾಕ್ಷಿಯಿಂದ ಕೇಳಿ ತಿಳಿದುಕೊಂಡಿದ್ದಾರೆ. “ಸಾಲಿ ಗ್ವಾಡಿಗೆ ಬಣ್ಣಾ ಹಚ್ಚ್ಯಾರ, ಛಲೋ ಆತು. ಡಬ್ಬಿಗೆ ಹಚ್ಚಿದ್ದು ಇನ್ನೂ ಭಾಳ ಛಲೋ ಆತ್ರಿ” ಎನ್ನುತ್ತಾರೆ.

ಮುಂಗಾರು ಹತ್ತಿರ ಬಂದಿದೆ. ಹೊಳಿಯಮ್ಮ ಜಂತಿಗೆ ಕಟ್ಟಿದ್ದ ಒಣ ಹೀರೆಕಾಯಿಯೊಂದನ್ನು ಇಳಿಸಿ, ಅಲ್ಲಾಡಿಸಿ ಕೇಳಿ, ಒಡೆದು, ಕರಿ ಬೀಜಗಳನ್ನು ಅರಿವೆಗೆ ಸುರುವಿ ಗಂಟು ಹಾಕುತ್ತಾರೆ. ಹೋದ ಮಳೆಗಾಲದಲ್ಲಿ ಮಾರೆಮ್ಮ ಶಹನಾಜಬೇಗಂ ಹತ್ತಿರ ಹನ್ನೆರಡು ಜವಾರಿ ಬೀಜ ಇಸಿದುಕೊಂಡು ಬಂದಿದ್ದರು. ಬಳ್ಳಿಯ ಮೊದಲ ಕಾಯಿ ಬೀಜ ಕೊಟ್ಟವರದು ಎಂಬುದು ಈ ಕಡೆಯ ವಾಡಿಕೆ. ಮುಂದಿನ ಬಿತ್ತನೆಯ ಮುಂಚೆ ತಿರುಗಿ ಮುಟ್ಟಿಸಬೇಕು.

ಶಹನಾಜಬೇಗಂ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಾರೆ. ಗಂಟು ನೋಡಿ ಮೊದಲು ಏನೆಂದು ತಿಳಿಯುವುದಿಲ್ಲ. ತಿಳಿದ ಮೇಲೆ ಕೈಯಲ್ಲಿದ್ದ ಅಕ್ಕಿಯನ್ನು ಮೊರಕ್ಕೆ ಬಿಡುತ್ತಾರೆ.

“ಇಸ್ಕೊಂಡಾಕಿ ಹೋದ್ಳಲ್ಲ ಬೇ. ಯಾರ್ ಕೇಳಿದ್ರು ನಿನ್ನ?”

“ಅತ್ತಿ ಹೋಗ್ಯಾಳ. ಬಳ್ಳಿ ಕಾಯಿ ಬಿಟ್ಟೈತಲ್ಲ.”

“ಬೆರಕಿ ಗಿರಕಿ ಇಲ್ಲಲ್ಲ ಮತ್ತ?” ಶಹನಾಜಬೇಗಂ ಕಣ್ಣು ಕಿರಿದು ಮಾಡುತ್ತಾರೆ.

“ನಮ್ಮ ಓಣ್ಯಾಗ ಹೀರಿಬಳ್ಳಿ ಇದೊಂದ. ಅನುಮಾನ ಇದ್ರ ಬಿತ್ತಿ ನೋಡು. ತಪ್ಪಿದ್ರ ನನ್ನ ಹೆಸರು ಗೊತ್ತೈತಿ, ಮನಿ ಗೊತ್ತೈತಿ.”

ಶಹನಾಜಬೇಗಂ ನಗುತ್ತಾ ಮೊರ ಕೆಳಗಿಟ್ಟು ಸೆರಗು ಒಡ್ಡುತ್ತಾರೆ. ಹೊಳಿಯಮ್ಮ ಗಂಟು ಬಿಚ್ಚಿ ಬೀಜವನ್ನೆಲ್ಲ ಅದರೊಳಗೆ ಸುರಿಯುತ್ತಾರೆ. ಹನ್ನೆರಡಕ್ಕಿಂತ ಬಹಳ ಹೆಚ್ಚಿವೆ.