ಲಮ್ಯಾಯ್ ಮತ್ತು ಸುಡುವ ಎಣ್ಣೆ

ಲಮ್ಯಾಯ್ ಗರಡಿಗೆ ಸೇರಿದ್ದು ಅಡುಗೆಗೆಂದು. ಗಂಡ ತೀರಿಕೊಂಡ ಮೇಲೆ ನಾಟಿ ಕೆಲಸಕ್ಕೆ ಸೊಂಟ ಒಪ್ಪಲಿಲ್ಲ. ಸೀಸಕೇಟ್ ಪೇಟೆಯಾಚೆ ಸಮ್ರೇಂಗ್ ಗುರುಗಳು ಮುಯ್ ಥಾಯ್ ಕಾಳಗ ಕಲಿಸುತ್ತಿದ್ದರು. ಅಲ್ಲಿ ಬೆಳಗ್ಗೆ ಅಂಟಕ್ಕಿ ಬೇಯಿಸಿ, ಮಧ್ಯಾಹ್ನ ಪರಂಗಿಕಾಯಿ ಕೋಸಂಬರಿ ಕುಟ್ಟಿ, ಒದ್ದು ಗುದ್ದಿ ಹಸಿದು ಬರುವವರ ಹೊಟ್ಟೆ ತುಂಬಿಸುವ ಕೆಲಸ ಹಿಡಿದಳು. ಮೊದಲ ದಿನವೇ ಅವಳ ಮೂಗಿಗೆ ಬಡಿದದ್ದು ಪಟುಗಳು ಮೈಗೆ ಉಜ್ಜಿಕೊಳ್ಳುವ ಹಳದಿ ಎಣ್ಣೆಯ ಘಾಟು. ಚಾಪೆ, ಹಗ್ಗ, ಒಣಗಲು ಹಾಕಿದ ಚಡ್ಡಿಗಳು, ಕೊನೆಗೆ ಅವಳ ಅನ್ನದ ಬುಟ್ಟಿಯೂ ಅದೇ ವಾಸನೆ ಬೀರುತ್ತಿದ್ದವು. ಅಲ್ಲಿ ಯಾರೂ ಅದನ್ನು ಕಾಲಿಗೆ ಹಚ್ಚಿಕೊಳ್ಳದೆ ಕಣ ಹತ್ತುತ್ತಿರಲಿಲ್ಲ.

ಲಮ್ಯಾಯ್‌ಗೆ ಚಿಕ್ಕಂದಿನಿಂದ ಒಂದು ಗೀಳು. ಯಾವುದನ್ನಾದರೂ ಕಂಡರೆ ಅದು ಹಾಗೇಕೆ ಎಂದು ಕೇಳದೆ ಬಿಡುತ್ತಿರಲಿಲ್ಲ. ತಣ್ಣಗೆ ಸೀಸೆಯಲ್ಲಿ ಕೂತ ಎಣ್ಣೆ ಮೈಗೆ ಬಿದ್ದೊಡನೆ ಬಿಸಿಯಾಗುವುದು ಹೇಗೆ ಎಂದು ಅವಳು ಎಲ್ಲರನ್ನೂ ಕೇಳಿದಳು. ಪಟುಗಳಿಗೆ ಎಣ್ಣೆ ಉಜ್ಜುತ್ತಿದ್ದ ಮುದುಕ, ತಾತನ ಕಾಲದಿಂದ ಹಾಗೇ ಎಂದ. ಗುರುಗಳು, ಅನ್ನ ಸೀದೀತು, ಹೋಗಿ ನೋಡು ಎಂದರು.

ಆ ಮುದುಕನಿಗೆ ಬೆರಳು ಮಡಿಸಲಾಗದಂತಾಗಿ ಅವನು ಮಗಳ ಮನೆಗೆ ಹೋದ ಮೇಲೆ ಉಜ್ಜುವ ಕೆಲಸವೂ ಲಮ್ಯಾಯ್ ಪಾಲಿಗೇ ಬಂತು. ಹೆಂಗಸರು ಕಣದ ಹಗ್ಗ ದಾಟಬಾರದೆಂಬುದು ಗುರುಗಳ ಕಟ್ಟುನಿಟ್ಟು. ಹಾಗಾಗಿ ಕೆಳಗೆ, ಚಾಪೆಯ ಮೇಲೆ ಅವಳ ರಾಜ್ಯ. ಅವಳಮ್ಮ ಊರಿನ ಬಾಣಂತಿಯರಿಗೆ ಮೈ ನೀವುತ್ತಿದ್ದವಳು. ಆ ಹಿಡಿತ ಮಗಳ ಹೆಬ್ಬೆರಳಿಗೂ ಇಳಿದಿತ್ತು. ಅಂಗಡಿಯ ಸೀಸೆಯ ಜೊತೆಗೆ ತಾನೂ ಒಂದು ಎಣ್ಣೆ ಕಾಯಿಸತೊಡಗಿದಳು. ಹಿತ್ತಲಲ್ಲಿ ಬೆಳೆದ ಪ್ಲಾಯ್ ಎಂಬ ಹಳದಿ ಶುಂಠಿಯನ್ನು ತೆಳ್ಳಗೆ ಹೆಚ್ಚಿ, ತೆಂಗಿನೆಣ್ಣೆಯಲ್ಲಿ ಸಣ್ಣ ಉರಿಗೆ ಗರಿಗರಿಯಾಗುವವರೆಗೆ ಕಾಯಿಸಿ, ಇಳಿಸಿ, ಕರ್ಪೂರ ಹಾಕುವಳು. ಅದರ ಬಿಸಿ ಮೃದು, ಘಾಟು ಕಡಿಮೆ.

ಒಮ್ಮೆ ಒಬ್ಬ ಪಟು ಕಾಲಿಗೆ ಅಂಗಡಿಯ ಎಣ್ಣೆ ತಿಕ್ಕಿಕೊಂಡು, ಕೈ ತೊಳೆಯದೆ ಮೂತ್ರಕ್ಕೆ ಹೋದ. ಹೋದವನು ಕೂಗುತ್ತಾ ಓಡಿ ಬಂದು ನೀರಿನ ಹಂಡೆಯೊಳಗೇ ಕೂತುಬಿಟ್ಟ. ಗರಡಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಲಮ್ಯಾಯ್ ಮಾತ್ರ ಹಂಡೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, "ಅಲ್ಲ ಕಣೋ, ಕಾಲಿಗೆ ಹಿತವಾಗಿ ಬೆಚ್ಚಗಾಗೋದು ಅಲ್ಲಿಗ್ಯಾಕೆ ಕೆಂಡ ಆಯ್ತು?" ಎಂದು ವಿಚಾರಿಸಿದಳು.

"ದೊಡ್ಡಮ್ಮ, ಆಮೇಲೆ ಬಂದು ಕೇಳೇ," ಎಂದು ಅವನು ಅಂಗಲಾಚಿದ.

ಕೊನೆಗೆ ಅವಳು ಪೇಟೆಯ ಔಷಧಿ ಅಂಗಡಿಯ ವಿಲೈಯನ್ನು ಹಿಡಿದಳು. ವಿಲೈ ಓದಿದವಳು, ಪ್ರಶ್ನೆ ಕೇಳಿದರೆ ಖುಷಿಪಡುವವಳು. ಚರ್ಮದೊಳಗೆ ಬಿಸಿ ತಂಪುಗಳ ಸುದ್ದಿ ಒಯ್ಯುವ ನರಗಳಿರುತ್ತವೆ, ಎಣ್ಣೆ ಅವುಗಳನ್ನು ಕೆಣಕುತ್ತದೆ, ಆ ಗದ್ದಲದಲ್ಲಿ ಒಳಗಿನ ನೋವಿನ ಸುದ್ದಿ ಕೇಳಿಸುವುದಿಲ್ಲ, ಚರ್ಮ ತೆಳುವಾದಲ್ಲಿ ಗದ್ದಲ ಹೆಚ್ಚು ಎಂದು ಬಿಡಿಸಿ ಹೇಳಿದಳು. ಲಮ್ಯಾಯ್ ಮನೆಗೆ ಬಂದು ಒಂದು ತೋಳಿಗೆ ಎಣ್ಣೆ ಸವರಿಕೊಂಡಳು. ಇನ್ನೊಂದನ್ನು ಹಾಗೇ ಬಿಟ್ಟಳು. ಎರಡರ ಮೇಲೂ ಜ್ವರ ನೋಡುವ ಕಡ್ಡಿ ಇಟ್ಟು ಬಟ್ಟೆ ಸುತ್ತಿ ನೋಡಿದಳು. ಸವರಿದ ತೋಳು ಧಗಧಗ ಅನ್ನುತ್ತಿತ್ತು. ಕಡ್ಡಿಯ ಲೆಕ್ಕದಲ್ಲಿ ಎರಡೂ ತೋಳು ಹೆಚ್ಚುಕಡಿಮೆ ಒಂದೇ. ಅವಳಿಗೆ ನಗು ಬಂತು. ಇಷ್ಟು ಚೆನ್ನಾಗಿ ಸುಳ್ಳು ಹೇಳುವ ಈ ಎಣ್ಣೆ ಇನ್ನೇನೇನು ಮುಚ್ಚಿಡುತ್ತದೋ ಎಂಬ ಯೋಚನೆಯೂ ಅಂದೇ ತಲೆಗೆ ಹೊಕ್ಕಿತು.

ಅನುವತ್ ಆ ಗರಡಿಯ ಒಳ್ಳೆಯ ಪಟು. ಮಾತು ಕಡಿಮೆ, ಎಡಗಾಲಿನ ಒದೆತ ಜೋರು. ಬ್ಯಾಂಕಾಕಿನ ದೊಡ್ಡ ಕಣದಲ್ಲಿ ಅವನಿಗೊಂದು ಪಂದ್ಯ ನಿಗದಿಯಾಯಿತು. ಅದರ ತಯಾರಿಯಲ್ಲಿ ಎದುರಾಳಿಯ ಕಾಲಿಗೆ ಕಾಲು ತಾಗಿ ಅವನ ಬಲಮೊಣಕಾಲು ತಿರುಚಿತು. ಮರುದಿನ ಅದು ಊದಿಕೊಂಡಿತ್ತು. ಉಜ್ಜಿದರೆ ಹೋಗುತ್ತದೆ ಎಂದರು ಗುರುಗಳು. ಲಮ್ಯಾಯ್ ಉಜ್ಜಿದಳು, ನೋವು ಹೋಯಿತು. ಅನುವತ್ ಎದ್ದು ತೂಗುಬಿಟ್ಟ ಚೀಲಕ್ಕೆ ಒದ್ದ, ಹಗ್ಗ ಜಿಗಿದ. ಸಂಜೆ ಮೊಣಕಾಲು ಬೆಳಗ್ಗೆಗಿಂತ ದಪ್ಪಗಾಗಿತ್ತು. ಮತ್ತೆ ಎಣ್ಣೆ, ಮತ್ತೆ ಜಿಗಿತ, ಮತ್ತೆ ಬಾವು. ಕೈಯಡಿಯಲ್ಲಿ ನೀರು ತುಂಬಿದಂತೆ ಮೆತ್ತಗಾಗಿದ್ದ ಆ ಕೀಲನ್ನು ಮುಟ್ಟುವಾಗ ಲಮ್ಯಾಯ್‌ಗೆ ಹೆಬ್ಬೆರಳು ಊರಲು ಭಯವಾಗುತ್ತಿತ್ತು.

ಗುರುಗಳಿಗೆ ಹೇಳಿದಳು. ಅಡುಗೆಯವಳು ಡಾಕ್ಟರಾದಳೆಂದು ಅವರು ತಮಾಷೆ ಮಾಡಿದರು. ಅನುವತ್‌ಗೆ ಆಸ್ಪತ್ರೆಗೆ ಹೋಗೋಣ ಎಂದಳು. "ನೋವೇ ಇಲ್ಲವಲ್ಲ ದೊಡ್ಡಮ್ಮ," ಎಂದು ಅವನು ಚಾಪೆಯ ಮೇಲೆ ಕಾಲು ಚಾಚಿದ. ನೋವಿಲ್ಲದಿರುವುದು ಯಾಕೆ ಎಂಬುದನ್ನು ಅವನಿಗೆ ವಿವರಿಸಬೇಕಿತ್ತು. ಅವಳು ಹಾಗೆ ಮಾಡಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಒಂದು ಉಪಾಯ ಹೊಳೆದಿತ್ತು, ನೋವೇ ಅವನನ್ನು ಆಸ್ಪತ್ರೆಗೆ ಕಳಿಸಲಿ ಎಂದು.

ಮರುದಿನ ಅವಳು ಬರೀ ತೆಂಗಿನೆಣ್ಣೆಗೆ ಅರಿಸಿನದ ಬಣ್ಣ ಕೊಟ್ಟಳು. ಅಂಗಡಿಯ ಎಣ್ಣೆಯನ್ನು ಅವನ ಹೆಗಲ ಮೇಲಿನ ಟವೆಲ್ಲಿಗೆ ಚಿಮುಕಿಸಿದಳು, ಘಾಟು ಮೂಗಿಗೆ ಮುಟ್ಟಲೆಂದು. ಮೊಣಕಾಲಿಗೆ ಹಚ್ಚಿದ್ದು ಬರೀ ಬಣ್ಣದ ಕೊಬ್ಬರಿ ಎಣ್ಣೆ. ಅನುವತ್ ಎದ್ದ. ವಾಸನೆಯ ನಂಬಿಕೆಯಲ್ಲೇ ನಾಲ್ಕು ಒದೆತ ಒದ್ದ. ಅದನ್ನು ಕಂಡು ಲಮ್ಯಾಯ್ ತನ್ನ ಭಯ ಮರೆತು ಕಣ್ಣರಳಿಸಿ ನೋಡಿದಳು. ಬರೀ ವಾಸನೆಗೇ ಇಷ್ಟು ಶಕ್ತಿಯೇ? ಅಷ್ಟರಲ್ಲಿ ಅವನು ಬಲಗಾಲ ಮೇಲೆ ಭಾರ ಹಾಕಿ ತಿರುಗಿದ, ಕಣದ ಹಗ್ಗ ಹಿಡಿದು ಹಾಗೇ ಕುಸಿದು ಕೂತ. ಮುಖ ಬಿಳಿಚಿಕೊಂಡಿತ್ತು. ಕೂತಲ್ಲಿಂದ ಏಳಲು ಅವನಿಂದಾಗಲಿಲ್ಲ. ಆಗ ಗುರುಗಳೂ ನಗಲಿಲ್ಲ. ತಮ್ಮ ಪಿಕಪ್ ತಂದು ಅವರೇ ಆಸ್ಪತ್ರೆಗೆ ಕರೆದೊಯ್ದರು.

ಒಳಗೆ ಕೀಲನ್ನು ಬಿಗಿದಿಡುವ ಪಟ್ಟಿ ಅರ್ಧ ಹರಿದಿದೆ, ಹೀಗೇ ಕುಣಿದಿದ್ದರೆ ಪೂರ್ತಿ ಹೋಗುತ್ತಿತ್ತು, ಮಳೆಗಾಲ ಮುಗಿಯುವವರೆಗೆ ಒದೆಯುವ ಮಾತೇ ಬೇಡ ಎಂದರು ಡಾಕ್ಟರು. ಬ್ಯಾಂಕಾಕಿನ ಪಂದ್ಯಕ್ಕೆ ಬೇರೆ ಗರಡಿಯವನು ಹೋದ.

ಲಮ್ಯಾಯ್‌ಗೆ ತಾನು ಮಾಡಿದ್ದು ಸರಿ ಎನಿಸಿತ್ತು. ಆ ಧೈರ್ಯದಲ್ಲೇ ಅವನಿಗಿಷ್ಟದ ಸುಟ್ಟ ಕೋಳಿಯ ಜೊತೆ ನಡೆದದ್ದನ್ನೂ ಬಡಿಸಿದಳು. ಅನುವತ್ ಕೈಯಲ್ಲಿದ್ದ ಅನ್ನದ ಉಂಡೆಯನ್ನು ಬುಟ್ಟಿಗೇ ಹಾಕಿದ.

"ಇದು ಯಾರ ಕಾಲು ದೊಡ್ಡಮ್ಮ?"

"ನಿಂದೇ ಕಣಪ್ಪ. ಉಳೀಲಿ ಅಂತ್ಲೇ..."

"ನಂದಲ್ವಾ? ಹಾಗಿದ್ರೆ ನಂಗೆ ಹೇಳ್ಬೇಕಿತ್ತು. ಎಣ್ಣೆ ಸುಳ್ಳು ಹೇಳುತ್ತೆ ಅಂತ ಗೊತ್ತಿದ್ದೂ ನೀನೂ ಒಂದು ಸುಳ್ಳು ಹಚ್ಚಿದೆ. ಅಲ್ಲೇ ಪಟ್ಟಿ ಪೂರ್ತಿ ಹರಿದಿದ್ರೆ?"

ಲಮ್ಯಾಯ್ ಅನ್ನದ ಬುಟ್ಟಿಯ ಮುಚ್ಚಳ ಹಾಕಿದಳು. ಅವನು ಒದೆಯುವಾಗ ತಾನು ಹೆದರುವ ಬದಲು ವಾಸನೆಯ ಮಹಿಮೆ ನೋಡುತ್ತ ನಿಂತಿದ್ದು ನೆನಪಾಗಿ ಕಿವಿ ಬಿಸಿಯಾದವು. "ಹೇಳ್ಬೇಕಿತ್ತು, ತಪ್ಪಾಯ್ತು," ಎಂದಳು. ಅವನು ಉಣ್ಣದೆ ಕುಂಟುತ್ತ ಹೋದ. ಬಹಳ ದಿನ ಅವಳ ಚಾಪೆಯ ಕಡೆ ತಲೆ ಹಾಕಲಿಲ್ಲ.

ಅಂದಿನಿಂದ ಲಮ್ಯಾಯ್ ಸೀಸೆ ತೆಗೆಯುವ ಮೊದಲು ಮಾತು ತೆಗೆಯುವಳು. ಹಚ್ಚುವ ಮೊದಲು ಹಾಗೇ ಕುಕ್ಕರಗಾಲಲ್ಲಿ ಕೂತು ಏಳು, ಎಲ್ಲಿ ಹಿಡಿಯುತ್ತದೆ ಹೇಳು ಎನ್ನುವಳು. ಇದು ಸುಸ್ತಾದ ಸ್ನಾಯುವಿಗೆ, ಊದಿದ ಕೀಲಿಗಲ್ಲ; ಹಚ್ಚಿದ ಮೇಲೆ ನೋವು ಕಾಣದು, ಏಟು ಅಲ್ಲೇ ಇರುತ್ತದೆ ಎಂದು ಹೇಳಿಯೇ ಮುಂದಿನ ಕೆಲಸ. ಕೆಲವರು ಬೇಸರಪಟ್ಟರು, ಕೆಲವರು ಕೇಳಿಸಿಕೊಂಡರು. ಗುರುಗಳು ಬಾಯಿಬಿಟ್ಟು ಒಪ್ಪಲಿಲ್ಲ. ಊದಿದ ಕಾಲಿನವರನ್ನು ಮಾತ್ರ ಸದ್ದಿಲ್ಲದೆ ಪಿಕಪ್ ಹತ್ತಿಸತೊಡಗಿದರು.

ಚಳಿ ಬೀಳುವ ಹೊತ್ತಿಗೆ ಅನುವತ್‌ನ ಮೊಣಕಾಲು ಗಟ್ಟಿಯಾಗಿತ್ತು. ಪಕ್ಕದೂರು ಸುರಿನ್‌ನಲ್ಲಿ ಒಂದು ಪಂದ್ಯ ಆಡಿ, ಸೋತು ಬಂದ. ಸೋತದ್ದು ಮೊಣಕಾಲಿನಿಂದಲ್ಲ, ಮೂತಿಗೆ ಬಿದ್ದ ಮೊಣಕೈಯಿಂದ. ಮರುದಿನ ತುಟಿ ಊದಿಸಿಕೊಂಡೇ ಲಮ್ಯಾಯ್ ಚಾಪೆಗೆ ಬಂದು ಬೋರಲು ಮಲಗಿದ. ಎರಡೂ ತೊಡೆ ಹಿಡಿದಿವೆ, ನಿನ್ನ ಪ್ಲಾಯ್ ಎಣ್ಣೆಯೇ ಇರಲಿ ಎಂದ. ಅವಳು ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡುತ್ತ, ಒಂದು ಮಾತು ಕೇಳಲೇ ಎಂದಳು. ಅವನು ಹೂಂಗುಟ್ಟಿದ.

"ಎಡತೊಡೆಗೆ ಎಣ್ಣೆ ಹಚ್ಚಿ ನೀವ್ತೀನಿ, ಬಲಕ್ಕೆ ಬರೀ ಕೈ. ನಾಳೆ ಯಾವ್ದು ಹಗುರ ಅನ್ಸುತ್ತೆ ಹೇಳ್ತೀಯಾ? ನಿನ್ ಕಾಲು, ನಿನ್ನಿಷ್ಟ."

ಅನುವತ್ ಬಲಗಾಲನ್ನು ಒಮ್ಮೆ ಮಡಿಸಿ ಚಾಚಿದ. ಆಮೇಲೆ ಊದಿದ ತುಟಿಯಲ್ಲೇ, "ಬಲಗಾಲು ಪಾಪ, ಅದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಉಜ್ಜು," ಎಂದ.

"ಹಾಗ್ ಮಾಡಿದ್ರೆ ಲೆಕ್ಕ ತಪ್ಪುತ್ತೆ ಕಣೋ," ಎಂದು ಲಮ್ಯಾಯ್ ಎಡತೊಡೆಯ ಮೇಲೆ ಹೆಬ್ಬೆರಳು ಊರಿದಳು.