ಬೀಸುಕಲ್ಲಿನ ಗೂಟ

ಕಣಗಲಾ ಊರಿನ ನೀಲವ್ವ ಮೂವತ್ತು ವರ್ಷ ಜೋಳ ಬೀಸಿದ ಕಲ್ಲನ್ನು ಗಂಡ ಬಾಳಪ್ಪ ಅವಳನ್ನು ಕೇಳದೆಯೇ ಗೋಕಾಕದ ಒಂದು ವಸ್ತುಸಂಗ್ರಹಾಲಯಕ್ಕೆ ಕೊಟ್ಟುಬಂದಿದ್ದ. ಈಗ ಅದನ್ನು ತೋರಿಸಲು ಅವಳನ್ನು ಕರೆತಂದಿದ್ದ. ಸಾವಿರ ವರ್ಷದ ವೀರಗಲ್ಲುಗಳ ಪಕ್ಕ ಅದು ಕೂತಿತ್ತು. ಫಲಕದಲ್ಲಿ ‘ಬಾಳಪ್ಪನವರ ಮನೆತನದ ಬೀಸುಕಲ್ಲು’ ಎಂದಿತ್ತು. ಆ ಮನೆತನದ ಒಬ್ಬ ಗಂಡಸೂ ಒಂದು ದಿನವೂ ಅದರ ಮುಂದೆ ಕೂತವನಲ್ಲ.

ಮೇಲಿನ ಕಲ್ಲನ್ನು ಬೋರಲು ಇಟ್ಟಿದ್ದರು. ತಿರುಗಿಸುವ ಗೂಟ ಪಕ್ಕದಲ್ಲಿ ಬಿದ್ದಿತ್ತು.

“ಯಜಮಾನ್ರ, ಈ ಗೂಟ ಎಲ್ಲಿ ಹಾಕೂದ್ರಿ?” ಅಲ್ಲಿನ ಮೇಲ್ವಿಚಾರಕ ಕೇಳಿದ.

ಬಾಳಪ್ಪ ಕಲ್ಲಿನ ಸುತ್ತ ಎರಡು ಸಲ ತಿರುಗಿ, ಕೆಮ್ಮಿ, ಹೆಂಡತಿಯತ್ತ ನೋಡಿದ. “ಹೇಳ.”

“ನಂಗೇನ ಗೊತ್ತರಿ? ಹೆಸರು ನಿಮ್ಮದೈತಿ, ನೀವ ಬೀಸಿರಬೇಕು,” ಎಂದಳು ನೀಲವ್ವ. “ಫಲಕದಾಗ ನನ್ನ ಹೆಸರು ಬರೂತನಕ ಗೂಟ ಅಲ್ಲೇ ಬಿದ್ದಿರಲಿ.”